ಹುಲಿ ಹಸು ಹಿಡಿದರೆ ಆ ದಿನ ಏನು ಮಾಡಬೇಕು?

ಹುಲಿ ಉಳಿಸೋಕೆ ನಮ್ಮಂಥವರು ಏನು ಮಾಡಬಹುದು ಅಂತ ತುಂಬಾ ಜನ ಕೇಳುತ್ತಾರೆ. ನಿಮ್ಮ ಊರು ಕಾಡಂಚಿನಲ್ಲಿದ್ದರೆ ನನ್ನ ಉತ್ತರ ಒಂದೇ. ಹಸು ಕಳೆದುಕೊಂಡವರಿಗೆ ಅರಣ್ಯ ಇಲಾಖೆಯಿಂದ ಪರಿಹಾರದ ಹಣ ಸಿಗುವ ಹಾಗೆ ನೋಡಿಕೊಳ್ಳಿ.

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ, ಅದರ ನಾಲ್ಕು ಮರಿಗಳು ಸತ್ತವು. ಅವು ತಿಂದ ಸತ್ತ ಹಸುವಿನ ಮೈಗೆ ವಿಷ ಹಾಕಿದ್ದರು. 2022ರ ಗಣತಿಯ ಪ್ರಕಾರ ಇಡೀ ಕರ್ನಾಟಕದಲ್ಲಿ ಇರುವುದೇ 563 ಹುಲಿ. ಡೇರಿಗೆ ಹಾಲು ಹಾಕಿ ಸಂಸಾರ ತೂಗಿಸುವವರಿಗೆ ಹಸು ಹೋದ ದಿನ ಸಿಟ್ಟು ಬರುವುದು ಸಹಜ. ಆ ದಿನ ಪಕ್ಕದಲ್ಲಿ ಯಾರಾದರೂ ನಿಲ್ಲಬೇಕು.

ಮೊದಲು ಫೋನ್. ನಿಮ್ಮ ಬೀಟಿನ (ನಿಮ್ಮ ಭಾಗದ ಕಾಡಿನ) ಅರಣ್ಯ ಗಾರ್ಡ್ ನಂಬರ್ ಈಗಲೇ ಬರೆದಿಟ್ಟುಕೊಳ್ಳಿ. ಸಿಗದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಮಾಡಿ.

ಜನ ಎಡವುವುದು ಇದರ ಮುಂದಿನ ಹಂತದಲ್ಲಿ. ನಮ್ಮೂರಿನ ಕಡೆ ಒಬ್ಬ ಅಜ್ಜಿ, ಮಗಳಂತೆ ಸಾಕಿದ ಹಸು ಅಂತ ಅರಿಶಿನ ಕುಂಕುಮ ಹಾಕಿ ಸಂಜೆಯೊಳಗೆ ಹೂಳಿಸಿಬಿಟ್ಟರು. ಮಾರನೇ ದಿನ ಮಹಜರಿಗೆ ಬಂದವರಿಗೆ ನೋಡಲು ಏನೂ ಉಳಿದಿರಲಿಲ್ಲ. ಹಾಗಾಗಿ ಹಸುವನ್ನು ಬಿದ್ದ ಜಾಗದಿಂದ ಅಲ್ಲಾಡಿಸಬೇಡಿ. ಎಳೆದು ರಸ್ತೆಗೆ ತರುವುದೂ ಬೇಡ.

ಹತ್ತಿರ ಒಬ್ಬರೇ ಹೋಗಲೇಬೇಡಿ. ಹುಲಿ ತನ್ನ ಬೇಟೆಯ ಪಕ್ಕದ ಪೊದೆಯಲ್ಲೇ ಮಲಗಿರಬಹುದು. ಸಿಬ್ಬಂದಿ ಬಂದ ಮೇಲೆ, ಬೆಳಕಿರುವಾಗ, ಅವರ ಜೊತೆ ಹೋಗಿ ಫೋಟೊ ತೆಗೆಯಿರಿ. ಒಂದು ಫೋಟೊದಲ್ಲಿ ಇಡೀ ಹಸು, ಹಿಂದೆ ಗುರುತು ಸಿಗುವ ಮರ ಅಥವಾ ಬೇಲಿ ಇರಲಿ. ಇನ್ನೊಂದು, ಕುತ್ತಿಗೆಯ ಮೇಲಿನ ಹಲ್ಲಿನ ತೂತು. ಮತ್ತೊಂದು, ಕಿವಿಯೋಲೆಯ (ಹಸುವಿನ ಕಿವಿಗೆ ಹಾಕಿರುವ ನಂಬರ್ ಬಿಲ್ಲೆಯ) 12 ಅಂಕಿಗಳು ಓದಲು ಬರುವಷ್ಟು ಹತ್ತಿರದಿಂದ. ಹೆಜ್ಜೆ ಗುರುತು ಕಂಡರೆ ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು ತೆಗೆಯಿರಿ, ಅಳತೆ ಗೊತ್ತಾಗುತ್ತದೆ. ಊರಿನ ದಾರಿಯಲ್ಲೇ ಹೆಜ್ಜೆ ಇದ್ದರೆ ಮಂಕರಿ ಮಗುಚಿ ಹಾಕಿ. ಇಲ್ಲದಿದ್ದರೆ ನೋಡೋಕೆ ಬಂದವರೇ ತುಳಿದು ಅಳಿಸುತ್ತಾರೆ. ವಾಟ್ಸಾಪ್‌ನಲ್ಲಿ ಬಂದ ಫೋಟೊ ಇದೆಯಲ್ಲ ಅಂತ ಅಸಲು ಫೋಟೊ ಅಳಿಸಬೇಡಿ. ಕಳಿಸುವಾಗ ಅದು ಮಸುಕಾಗಿ ಕಿವಿಯೋಲೆಯ ನಂಬರ್ ಕಾಣಿಸದೇ ಹೋಗುತ್ತದೆ. ಊರಿನ ಗ್ರೂಪಿಗಂತೂ ಹಾಕಲೇಬೇಡಿ. ಅರ್ಧ ಗಂಟೆಯಲ್ಲಿ ನೂರು ಜನ ಸೇರುತ್ತಾರೆ. ಗದ್ದಲಕ್ಕೆ ಹುಲಿ ಬೇಟೆ ಬಿಟ್ಟು ಹೋದರೆ, ಹಸಿದ ಹೊಟ್ಟೆಯಲ್ಲಿ ಇನ್ನೊಬ್ಬರ ಹಸು ಹಿಡಿಯಬಹುದು.

ಪಶುವೈದ್ಯರ ಮರಣೋತ್ತರ ಪರೀಕ್ಷೆ, ಮಹಜರು ಎರಡೂ ಆಗಬೇಕು. ಮಹಜರಿನಲ್ಲಿ ಬರೆದದ್ದನ್ನು ಜೋರಾಗಿ ಓದಿಸಿ, ಆಮೇಲೆ ಸಹಿ. ಹಸು ಗಬ್ಬವಾಗಿತ್ತಾ, ಹಾಲು ಕೊಡುತ್ತಿತ್ತಾ, ಎಲ್ಲ ಬರೆಸಿ.

ಹಸುವನ್ನು ಅಲ್ಲೇ ಬಿಡಬೇಕೋ ಹೂಳಬೇಕೋ ಅನ್ನುವುದು ಸಿಬ್ಬಂದಿಗೆ ಬಿಟ್ಟದ್ದು. ಕಾಡಂಚಿನಲ್ಲಿ ಬಿದ್ದಿದ್ದರೆ ಅಲ್ಲೇ ಬಿಡುವುದೇ ವಾಸಿ ಅಂತ ನನ್ನ ಮಾತು. ಆದರೆ ಕಾವಲು ಬೇಕು. ಹುಲಿ ಹೆಚ್ಚಾಗಿ ಅದೇ ರಾತ್ರಿ ತಿನ್ನಲು ವಾಪಸ್ ಬರುತ್ತದೆ, ವಿಷ ಹಾಕುವವರಿಗೂ ಅದು ಗೊತ್ತು. ಆ ಮಾಂಸ ತಿಂದ ರಣಹದ್ದು, ನರಿ, ಊರ ನಾಯಿಗಳೂ ಸಾಯುತ್ತವೆ. ಯಾರಾದರೂ ಕೀಟನಾಶಕದ ಮಾತೆತ್ತಿದರೆ ಆಗಲೇ ಗಾರ್ಡ್‌ಗೆ ತಿಳಿಸಿ. ನನ್ನ ಹೆಸರು ಹೊರಗೆ ಹೇಳಬೇಡಿ ಅಂತ ಗಾರ್ಡ್‌ಗೆ ಹೇಳಿ.

ಇನ್ನು ಅರ್ಜಿ. ಆಧಾರ್, ಪಾಸ್‌ಬುಕ್, ಫೋಟೊ, ವೈದ್ಯರ ವರದಿ ಸೇರಿಸಿ ಕೊಡಿ. ಪಾಲು ಕೇಳುವ ಮಧ್ಯವರ್ತಿಗಳ ಸಹವಾಸ ಬೇಡವೇ ಬೇಡ. ಬಂಡೀಪುರ, ನಾಗರಹೊಳೆ ಸುತ್ತಮುತ್ತ ವೈಲ್ಡ್ ಸೇವೆ ಅನ್ನುವ ತಂಡದವರು 2015ರಿಂದ ಇಂಥ ಅರ್ಜಿಗಳಿಗೆ ಸಹಾಯ ಮಾಡುತ್ತಿದ್ದಾರೆ. ಅರ್ಜಿ ಕೊಟ್ಟ ರಸೀದಿಯ ಫೋಟೊ ನಿಮ್ಮ ಫೋನಿನಲ್ಲೂ ಇರಲಿ. ಹದಿನೈದು ದಿನಕ್ಕೊಮ್ಮೆ ನೀವೇ ವಲಯ ಕಚೇರಿಗೆ ಹೋಗಿ ವಿಚಾರಿಸಿ. ವಯಸ್ಸಾದವರನ್ನು ಬಸ್ಸಿನಲ್ಲಿ ಅಲೆಸಬೇಡಿ.

ಕೊಟ್ಟಿಗೆಗೆ ಮಿಣುಮಿಣುಕುವ ಸೋಲಾರ್ ದೀಪ ಹಾಕಿ, ಹುಲಿ ಬರಲ್ಲ ಅಂತ ಮಾರುವವರಿದ್ದಾರೆ. ಪಕ್ಕದ ಮನೆಯವರು ತಂದದ್ದು ಒಂದು ಮಳೆಗಾಲವೂ ಬರಲಿಲ್ಲ. ಆ ದುಡ್ಡಿಗೆ ಕೊಟ್ಟಿಗೆಗೆ ಗಟ್ಟಿ ಬಾಗಿಲು ಹಾಕಿಸಿ, ಸಂಜೆ ಕತ್ತಲಾಗುವ ಮೊದಲೇ ದನ ಒಳಗೆ ಕಟ್ಟಿ.