ಬೆಲೆ ತೋರಿಸಿದ ಕೂಡಲೇ ಕಾರ್ಡ್ ತೆಗೆಯಬೇಡಿ: ಜರ್ಮನಿಯಲ್ಲಿ ಮಧ್ಯಯುಗದ ಇತಿಹಾಸ ಓದುವವರಿಗೆ

ಮಧ್ಯಯುಗದ ಇತಿಹಾಸ ಓದಲು ಜರ್ಮನಿಗೆ ಬರುವ ನಮ್ಮವರು ಪ್ರತಿ ವರ್ಷವೂ ನಾನು ಮಾಡಿದ ತಪ್ಪನ್ನೇ ಮಾಡುತ್ತಿದ್ದಾರೆ: ಲೈಬ್ರರಿ ಆಗಲೇ ಚಂದಾ ಕಟ್ಟಿರುವ ಲೇಖನಕ್ಕೆ ಕೈಯಿಂದ ದುಡ್ಡು ಕೊಡುವುದು. ಅದನ್ನು ನೋಡಿ ನೋಡಿ ಬೇಸರವಾಗಿ ಇದನ್ನು ಬರೆಯುತ್ತಿದ್ದೇನೆ. ಲೈಬ್ರರಿ ಕಾರ್ಡ್ ಮಾಡಿಸುವುದು, ಕ್ಯಾಟಲಾಗ್ ನೋಡುವುದು ನಿಮಗೆ ಗೊತ್ತೇ ಇರುತ್ತದೆ.

ಮೊದಲು ದುಡ್ಡಿನ ವಿಷಯ. ಮಧ್ಯಯುಗದ ಉತ್ತರ ಜರ್ಮನಿಯ ವ್ಯಾಪಾರಿ ಪಟ್ಟಣಗಳ ಕೂಟವಾದ ಹಾನ್ಸೆಯ ವರ್ತಕರ ಬಗ್ಗೆ ಸೆಮಿನಾರ್ ಪ್ರಬಂಧ ಬರೆಯುವಾಗ ನಾನು ಗೂಗಲ್‌ನಿಂದ ನೇರ ಪ್ರಕಾಶಕರ ಪುಟಕ್ಕೆ ಹೋಗಿ ಮೂರು ಲೇಖನ ಕೊಂಡೆ. ನೂರು ಯೂರೋ ದಾಟಿತು, ಅದು ಆ ತಿಂಗಳ ದಿನಸಿಯ ದುಡ್ಡು. ವಾರ ಕಳೆದ ಮೇಲೆ ಲೈಬ್ರರಿ ಕೌಂಟರ್‌ನಲ್ಲಿದ್ದ ಮಹಿಳೆ ತಮ್ಮ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿ, ಸಂಶೋಧನಾ ಪತ್ರಿಕೆಯ ಹೆಸರಿನ ಪಕ್ಕದ ಹಳದಿ ಚುಕ್ಕೆಯ ಮೇಲೆ ಬೆರಳಿಟ್ಟರು. ಮೂರೂ ಲೇಖನಗಳಿಗೆ ಯೂನಿವರ್ಸಿಟಿ ಆಗಲೇ ದುಡ್ಡು ಕಟ್ಟಿತ್ತು.

ಆ ಚುಕ್ಕೆಗಳಿರುವುದು ರೇಗೆನ್ಸ್‌ಬುರ್ಗ್ ಯೂನಿವರ್ಸಿಟಿ ಲೈಬ್ರರಿ ನಡೆಸುವ ಇಜಡ್‌ಬಿ ಎಂಬ ಇ-ಪತ್ರಿಕೆಗಳ ಪಟ್ಟಿಯಲ್ಲಿ. ಹಸಿರು ಎಲ್ಲರಿಗೂ ಪುಕ್ಕಟೆ. ಕೆಂಪು ಎಂದರೆ ನಿಮ್ಮ ಲೈಬ್ರರಿಯಲ್ಲಿಲ್ಲ. ಹಳದಿ, ಕೆಂಪು ಎರಡೂ ಇದ್ದರೆ ಕೆಲವು ವರ್ಷಗಳ ಸಂಚಿಕೆ ಮಾತ್ರ. ಬರೀ ಹಳದಿ ಇದ್ದರೆ ಲೈಬ್ರರಿ ಚಂದಾ ಕಟ್ಟಿದೆ, ಆದರೆ ಯೂನಿವರ್ಸಿಟಿಯ ನೆಟ್‌ವರ್ಕ್‌ನೊಳಗಿಂದ ಹೋದರಷ್ಟೇ ತೆರೆಯುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಮನೆಯಲ್ಲಿ ಕೂತು ವಿಪಿಎನ್ (ದೂರದಿಂದಲೇ ಯೂನಿವರ್ಸಿಟಿಯ ನೆಟ್‌ವರ್ಕ್‌ಗೆ ಸೇರಿಸುವ ಸಾಫ್ಟ್‌ವೇರ್) ಹಾಕದೆ ಹೋದರೆ ಪ್ರಕಾಶಕರ ಪಾಲಿಗೆ ನೀವು ದಾರಿಹೋಕರು, ಬೆಲೆಯೇ ಕಾಣುತ್ತದೆ. ಹೋದ ಅಕ್ಟೋಬರ್‌ನಲ್ಲಿ ಶಿವಮೊಗ್ಗದ ಹುಡುಗನೊಬ್ಬ, "ಅಕ್ಕಾ, 38 ಯೂರೋ ಕೇಳ್ತಿದೆ, ಕಟ್ಟಿಬಿಡ್ಲಾ?" ಅಂತ ಮೆಸೇಜ್ ಮಾಡಿದ. "ಬೇಡ ಮಾರಾಯ, ವಿಪಿಎನ್ ಹಾಕು" ಎಂದೆ. ಎರಡು ನಿಮಿಷದಲ್ಲಿ ಪಿಡಿಎಫ್ ಇಳಿಯಿತು.

ಕೆಂಪು ಚುಕ್ಕೆ ಕಂಡರೂ ಕಾರ್ಡ್ ಮುಟ್ಟಬೇಡಿ. ಬೇರೆ ಊರಿನ ಲೈಬ್ರರಿಯಿಂದ ತರಿಸಿಕೊಡುವ ಫೆರ್ನ್‌ಲೈಹೆ ಇದೆ, ಸಾಮಾನ್ಯವಾಗಿ 1.50 ಯೂರೋ. ಲೇಖನ ಸಿಗದಿದ್ದರೂ ಆ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ, ಹಾಗಾಗಿ ಸಂಪುಟ, ವರ್ಷ, ಪುಟಸಂಖ್ಯೆ ಸರಿಯಾಗಿ ತುಂಬಿ. ಧಾರವಾಡದಲ್ಲಿದ್ದಾಗ ಒಂದು ಹಳೆಯ ಸಂಚಿಕೆಗಾಗಿ ಮೈಸೂರಿನ ಗೆಳತಿಗೆ ಫೋನ್ ಮಾಡಿ ಜೆರಾಕ್ಸ್ ತರಿಸಿಕೊಂಡವಳು ನಾನು. ಯಾರ ಪರಿಚಯವೂ ಬೇಡದ ಈ ವ್ಯವಸ್ಥೆಯೇ ನನಗೆ ಮೇಲು. ಪಿಎಚ್‌ಡಿ ಪ್ರಬಂಧಗಳ ಮಟ್ಟಿಗೆ ಮಾತ್ರ ನನ್ನ ಓಟು ಭಾರತದ ಪ್ರಬಂಧಗಳನ್ನು ಆನ್‌ಲೈನ್‌ನಲ್ಲಿ ಪುಕ್ಕಟೆ ಓದಲು ಕೊಡುವ ನಮ್ಮ ಶೋಧಗಂಗಾಕ್ಕೆ.

ಇನ್ನು ಹುಡುಕಾಟ. ಮೇಷ್ಟ್ರುಗಳು ಮೊದಲು ಹೇಳುವ ಹೆಸರು ಐಎಂಬಿ, ಲೀಡ್ಸ್‌ನಲ್ಲಿ 1967ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಮಿಡೀವಲ್ ಬಿಬ್ಲಿಯಾಗ್ರಫಿ. ಅದರಲ್ಲಿ ಲೇಖನದ ವಿವರ ಸಿಗುತ್ತದೆ, ಲೇಖನವಲ್ಲ. ಅದರ ಒತ್ತು ಪತ್ರಿಕೆ, ಸಂಕಲನಗಳ ಲೇಖನಗಳ ಮೇಲೆ, ಆದ್ದರಿಂದ ಅಲ್ಲಿ ಕಾಣಲಿಲ್ಲವೆಂದು "ಈ ವಿಷಯದ ಮೇಲೆ ಪುಸ್ತಕವೇ ಬಂದಿಲ್ಲ" ಎಂದು ಬರೆದುಬಿಡಬೇಡಿ. ಪುಸ್ತಕಕ್ಕೆ ಮೈಂಟ್ಸ್‌ನ ರೆಗೆಸ್ಟಾ ಇಂಪೇರಿಯ ಕ್ಯಾಟಲಾಗ್ ನೋಡಿ, ಅದು ಪುಕ್ಕಟೆ. ಅಲ್ಲಿ ಒಂದೇ ಊರನ್ನು ಜರ್ಮನ್‌ನ ಆಖೆನ್, ಫ್ರೆಂಚ್‌ನ ಎಕ್ಸ್-ಲಾ-ಶಪೆಲ್, ಇಟಾಲಿಯನ್‌ನ ಆಕ್ವಿಸ್‌ಗ್ರಾನಾ ಎಂದು ಎಲ್ಲ ಹೆಸರಿನಲ್ಲೂ ಹುಡುಕಿ. ಲೇಖಕರು ಬರೆದ ಭಾಷೆಯಲ್ಲೇ ಶೀರ್ಷಿಕೆ ಇರುತ್ತದೆ.

ವಿಜಯನಗರವನ್ನು ಐಎಂಬಿಯಲ್ಲಿ ಹುಡುಕಿ ಒಂದು ಮಧ್ಯಾಹ್ನ ಕಳೆದವರೂ ಇದ್ದಾರೆ. ಅದರ ಹರವು ಯುರೋಪ್, ಮಧ್ಯಪ್ರಾಚ್ಯ, ಉತ್ತರ ಆಫ್ರಿಕಾ. ಹಂಪಿಯ ಮೇಲೆ ಕೆಲಸ ಮಾಡುವವರು ಹೈಡೆಲ್‌ಬರ್ಗ್‌ನ ಕ್ಯಾಟ್ಸ್ ಎಂಬ ಏಷ್ಯಾ ಅಧ್ಯಯನ ಕೇಂದ್ರದ ಲೈಬ್ರರಿಯ ದಕ್ಷಿಣ ಏಷ್ಯಾ ವಿಭಾಗದಿಂದಲೇ (ಹಿಂದಿನ ದಕ್ಷಿಣ ಏಷ್ಯಾ ಸಂಸ್ಥೆಯ ಲೈಬ್ರರಿ) ಶುರು ಮಾಡಿ.