ಉಮಿಯ ಬೂದಿಯಿಂದ ಮತ್ತೆ ಶುರು ಮಾಡಿದೆ

ನಮ್ಮ ಕರಾವಳಿಯ ಮುರಕಲ್ಲಿನ ಮಣ್ಣು ಹುಳಿ. ಅದರಲ್ಲಿ ಎಲುಬು ಬೇಗ ಕರಗುತ್ತದೆ. ಹಿಂದಿನವರು ಏನು ಬೆಳೆದರು, ಮಾಡಿಗೆ ಏನು ಹೊದಿಸಿದರು ಎಂದು ತಿಳಿಯಲು ನಾನು ನೆಚ್ಚಿಕೊಂಡಿದ್ದು ಫೈಟೊಲಿತ್‌ಗಳನ್ನು, ಅಂದರೆ ಗಿಡದೊಳಗೆ ಹುಟ್ಟುವ ಪುಟ್ಟ ಸಿಲಿಕಾ ಕಣಗಳನ್ನು. ಗಿಡ ನೀರಿನ ಜೊತೆ ಹೀರಿದ ಸಿಲಿಕಾ ಜೀವಕೋಶದೊಳಗೆ ಗಟ್ಟಿಯಾಗಿ, ಆ ಕೋಶದ್ದೇ ಆಕಾರ ಪಡೆಯುತ್ತದೆ. ಎಲೆ ಕೊಳೆತರೂ, ಒಲೆಯಲ್ಲಿ ಉರಿದರೂ ಕಣ ಉಳಿಯುತ್ತದೆ. ಹುಳಿ ಮಣ್ಣು ಅದಕ್ಕೆ ಒಳ್ಳೆಯದೇ. ಕ್ಷಾರ ಜಾಸ್ತಿಯಾದರೆ ಕರಗುತ್ತದೆ.

ಮೊದಲು ನಾನು ತಪ್ಪಿದೆ. ಉಡುಪಿ ಹತ್ತಿರ ಗದ್ದೆ ಬದಿಯಲ್ಲಿ ಬಾವಿ ತೋಡುವಾಗ ಒಂದು ಮೀಟರ್ ಆಳದ ಮಣ್ಣು ತಂದಿದ್ದೆ. ಸೂಕ್ಷ್ಮದರ್ಶಕದಲ್ಲಿ ಡಮರುವಿನಂಥ ಕಣ ಕಂಡ ಕೂಡಲೇ ‘ಭತ್ತ’ ಎಂದು ಬರೆದೆ. ಡಮರು ಎಷ್ಟೋ ಹುಲ್ಲುಗಳಲ್ಲಿ ಇರುತ್ತದೆ, ಅಲ್ವಾ? ಒಂದು ತಿಂಗಳ ಎಣಿಕೆಯನ್ನೆಲ್ಲ ಹೊಡೆದುಹಾಕಿದೆ.

ಆಮೇಲೆ ಹೆಸರು ಗೊತ್ತಿರುವ ಗಿಡಗಳನ್ನೇ ಹಿಡಿದೆ. ಉಮಿ, ಬೈಹುಲ್ಲು, ತೆಂಗಿನ ಮಡಲು, ಬಾಳೆ ಎಲೆ, ಮುಳಿಹುಲ್ಲು. ತೊಳೆದು, ಒಣಗಿಸಿ, ಕುಲುಮೆಯಲ್ಲಿ 500 ಡಿಗ್ರಿಗೆ ಬೂದಿ ಮಾಡಿದೆ. ಬೂದಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಗಾಜಿನ ಮೇಲೆ ಇಮ್ಮರ್ಷನ್ ಎಣ್ಣೆಯಲ್ಲಿ (ಸೂಕ್ಷ್ಮದರ್ಶಕಕ್ಕೆ ಬಳಸುವ ಎಣ್ಣೆ) ಹರಡಿದೆ. ಎಣ್ಣೆಯಲ್ಲಿ ಕಣ ಅಂಟಿ ಕೂರುವುದಿಲ್ಲ. ಮೇಲಿನ ಗಾಜನ್ನು ಸೂಜಿಯಿಂದ ಮೆಲ್ಲಗೆ ಒತ್ತಿದರೆ ಹೊರಳುತ್ತದೆ. ಮೇಲಿಂದ ಒಂದು ರೂಪ, ಮಗ್ಗುಲಿಂದ ಇನ್ನೊಂದು. ಹೊರಳಿಸಿ ನೋಡದೆ ಈಗ ನಾನು ಯಾವುದನ್ನೂ ಎಣಿಸುವುದಿಲ್ಲ.

ಉಮಿಯ ಕಣಕ್ಕೆ ಎರಡು ಕೊಂಬು. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಭತ್ತದ ಎಲೆಯಲ್ಲಿ ಬೀಸಣಿಗೆಯಂಥ ಕಣವೂ ಇದೆ. ಅದರ ಬಾಗಿದ ಅಂಚಿನಲ್ಲಿ ಮೀನಿನ ಹುರುಪೆಯಂಥ ಗುರುತುಗಳು. ಅವು 9 ಅಥವಾ ಹೆಚ್ಚಿರುವ ಬೀಸಣಿಗೆಗಳ ಪಾಲು ದೊಡ್ಡದಿದ್ದರೆ, ಅದು ಕಾಡುಭತ್ತಕ್ಕಿಂತ ಬೆಳೆಸಿದ ಭತ್ತ ಎನ್ನುವ ಕಡೆಗೆ ವಾಲುತ್ತದೆ. ತೆಂಗಿನದ್ದು ಕದಂಬದ ಹೂವಿನಂಥ ಮುಳ್ಳುಂಡೆ. ಆದರೆ ಅಂಥ ಉಂಡೆ ತಾಳೆ ಜಾತಿಯ ಬೇರೆ ಮರಗಳಲ್ಲೂ ಇದೆ, ಹಾಗಾಗಿ ‘ತಾಳೆ ಕುಟುಂಬ’ ಎಂದಷ್ಟೇ ಬರೆಯುತ್ತೇನೆ. ಬಾಳೆಯದ್ದು ಕುಳಿ ಬಿದ್ದ ಪುಟ್ಟ ಗುಡ್ಡ.

2005ರಲ್ಲಿ ಬಂದು 2019ರಲ್ಲಿ ಪರಿಷ್ಕರಣೆಯಾದ ಫೈಟೊಲಿತ್‌ಗಳ ಅಂತಾರಾಷ್ಟ್ರೀಯ ನಾಮಕರಣ ನಿಯಮಗಳು ಆಕಾರ, ಮೇಲ್ಮೈಯನ್ನು ಸರಿಯಾಗಿ ವಿವರಿಸಿ ಹೆಸರಿಡಲು ಹೇಳುತ್ತವೆ. ನನ್ನ ಪುಸ್ತಕದಲ್ಲೂ ಎಡಗಡೆ ಆಕಾರ ಪೆನ್ನಿನಲ್ಲಿ, ಬಲಗಡೆ ಗಿಡದ ಹೆಸರು ಪೆನ್ಸಿಲ್‌ನಲ್ಲಿ. ಎಷ್ಟೋ ಸಾಲುಗಳಲ್ಲಿ ಬಲಗಡೆ ಸುಮ್ನೆ ಖಾಲಿ ಬಿಟ್ಟಿದ್ದೇನೆ.

ಬಾವಿಯ ಮಣ್ಣನ್ನು ಮತ್ತೆ ತೊಳೆದು, ಭಾರದ ದ್ರಾವಣದಲ್ಲಿ ಫೈಟೊಲಿತ್‌ಗಳನ್ನು ತೇಲಿಸಿ ತೆಗೆದು, 300 ಕಣ ಎಣಿಸಿದೆ. ಎರಡು ಕೊಂಬಿನವು ಸಿಕ್ಕಿದ್ದು 7. ಏಳನ್ನೂ ಹೊರಳಿಸಿ ನೋಡಿದೆ. ಆಮೇಲೆ ಬಲಗಡೆ ‘ಭತ್ತದ ಉಮಿ’ ಎಂದು ಪೆನ್ನಿನಲ್ಲೇ ಬರೆದೆ.