ಬೆಣ್ಣಿಹಳ್ಳ ಹೊಲಕ್ಕೆ ನುಗ್ಗಿದ ಮೇಲೆ: ಬೆಳೆ ಪರಿಹಾರಕ್ಕಾಗಿ ನಾವು ಮಾಡಿದ್ದು

ನವಲಗುಂದ ತಾಲ್ಲೂಕಿನಲ್ಲಿ ಬೆಣ್ಣಿಹಳ್ಳದ ದಂಡೆಗೆ ನಮ್ಮದು ಮೂರು ಎಕರೆ ಎರೆ ಹೊಲ. ಶಿಗ್ಗಾವಿ ತಾಲ್ಲೂಕಿನ ದುಂಡಶಿ ಕಡೆ ಹುಟ್ಟುವ ಈ ಹಳ್ಳ ಕುಂದಗೋಳ, ಹುಬ್ಬಳ್ಳಿ ಸೀಮೆ ದಾಟಿ ಬಂದು ಮಲಪ್ರಭೆಯನ್ನು ಸೇರುತ್ತದೆ. ಮೇಲೆ ಜೋರು ಮಳೆಯಾದರೆ ಸಾಕು, ನಮ್ಮೂರಿನಲ್ಲಿ ಹನಿ ಬೀಳದಿದ್ದರೂ ಹೊಲ ಮುಳುಗುತ್ತದೆ. 2025ರ ಮುಂಗಾರಿನಲ್ಲಿ ಕೀಳುವುದಕ್ಕೆ ಬಂದಿದ್ದ ಹೆಸರು ಬೆಳೆ ನೀರಿನಲ್ಲಿ ನಿಂತಿತು. ಕಾಯಿಯೊಳಗಿನ ಕಾಳು ಗಿಡದಲ್ಲೇ ಮೊಳಕೆಯೊಡೆಯಿತು. ತಗ್ಗಿನ ತುಣುಕಿನಲ್ಲಿ ಹೂಳು ಕುಳಿತಿತು.

ನಾನು ಮೊದಲು ಮಾಡಿದ ಕೆಲಸ ಬೆಳೆ ವಿಮೆಯದು. ಹೊಲ ಜಲಾವೃತವಾದರೆ 72 ಗಂಟೆಯೊಳಗೆ ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ತಿಳಿಸಬೇಕು. ನೀರು ಇಳಿಯಲಿ, ಆಮೇಲೆ ನೋಡೋಣ ಎಂದು ಕಾಯುವವರು ಇಲ್ಲಿಯೇ ತಪ್ಪಿಹೋಗುತ್ತಾರೆ. ನೀರು ನಿಂತಿರುವಾಗಲೇ ಹೊಲದ ಬದುವಿನ ಮೇಲಿಂದ ಮೊಬೈಲ್‌ನಲ್ಲಿ ಫೋಟೊ ತೆಗೆದೆ. ಸರ್ವೆ ನಂಬರು, ಬೆಳೆ, ಮುಳುಗಿದ ವಿಸ್ತೀರ್ಣ ಬರೆದು ರೈತ ಸಂಪರ್ಕ ಕೇಂದ್ರಕ್ಕೆ ಅರ್ಜಿ ಕೊಟ್ಟು, ಸ್ವೀಕೃತಿ ಬರೆಸಿಕೊಂಡೆ. ವಿಮೆ ಕಟ್ಟಿದ ಬೆಳೆಯೂ ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ದಾಖಲಾದ ಬೆಳೆಯೂ ಒಂದೇ ಆಗಿರಬೇಕು. ಹೊಲದಲ್ಲಿ ಹೆಸರು, ಸಮೀಕ್ಷೆಯಲ್ಲಿ ಗೋವಿನಜೋಳ ಎಂದಾದರೆ ವಿಮೆಯ ಹಣಕ್ಕೆ ಕುತ್ತು.

ಸರ್ಕಾರದ ಪರಿಹಾರ ಬೇರೆಯೇ ದಾರಿಯಲ್ಲಿ ಬರುತ್ತದೆ. ವಿಮೆ ಕಟ್ಟದವರಿಗೂ ಅದು ಸಿಗುತ್ತದೆ. ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿರಬೇಕು. ಕಂದಾಯ ಮತ್ತು ಕೃಷಿ ಇಲಾಖೆಯವರು ಜಂಟಿ ಸಮೀಕ್ಷೆ ಮಾಡಿದ ಮೇಲೆ ವಿವರ ‘ಪರಿಹಾರ’ ಎಂಬ ಸರ್ಕಾರಿ ತಂತ್ರಾಂಶಕ್ಕೆ ಹೋಗುತ್ತದೆ. 2025ರಲ್ಲಿ ಜಾರಿಯಲ್ಲಿದ್ದ ಕೇಂದ್ರದ ಮಾರ್ಗಸೂಚಿಯಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ಇತ್ತು. ಮಿತಿ ಎರಡು ಹೆಕ್ಟೇರ್ ಆಗಿತ್ತು. ಆ ವರ್ಷ ರಾಜ್ಯ ಸರ್ಕಾರ ಇದರ ಮೇಲೆ ಹೆಕ್ಟೇರಿಗೆ 8,500 ಹೆಚ್ಚುವರಿಯಾಗಿ ಘೋಷಿಸಿತು. ಎಕರೆಗೆ ಲೆಕ್ಕ ಹಾಕಿದರೆ ಒಣಬೇಸಾಯದವರಿಗೆ ಏಳು ಸಾವಿರದ ಹತ್ತಿರ. ಬೀಜ, ಗೊಬ್ಬರ, ಗಳೆ, ಕಳೆ ಎಲ್ಲ ಕೂಡಿಸಿದರೆ ಇದು ಹಾಕಿದ್ದನ್ನೂ ತುಂಬುವುದಿಲ್ಲ. ಆದರೂ ಹಿಂಗಾರಿ ಕಡಲೆ ಬಿತ್ತುವ ಹೊತ್ತಿಗೆ ಕೈಯಲ್ಲಿ ದುಡ್ಡಿದ್ದರೆ ಸಾಲಕ್ಕೆ ಇನ್ನೊಬ್ಬರ ಬಾಗಿಲು ತಟ್ಟಬೇಕಿಲ್ಲ. ನನಗೆ ಅದರ ಬೆಲೆ ಗೊತ್ತು.

ಹೂಳಿನ ವಿಷಯವನ್ನು ನಮ್ಮೂರಿನಲ್ಲಿ ಹೆಚ್ಚಿನವರು ಕೇಳುವುದೇ ಇಲ್ಲ. ಮೂರು ಇಂಚಿಗಿಂತ ಹೆಚ್ಚು ಹೂಳು ನಿಂತರೆ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಅದನ್ನು ತೆಗೆಯಲು ಹೆಕ್ಟೇರಿಗೆ 18,000 ರೂಪಾಯಿಯವರೆಗೆ ನೆರವಿಗೆ 2025ರಲ್ಲಿ ಅವಕಾಶವಿತ್ತು. ಸಮೀಕ್ಷೆಗೆ ಬಂದವರು ಬೆಳೆ ನೋಡಿ ಹೊರಟಿದ್ದರು. ಕೈ ಹಿಡಿದು ತಗ್ಗಿಗೆ ಕರೆದೊಯ್ದು, ಕೋಲು ಊರಿ ಆಳ ತೋರಿಸಿ, ಪ್ರತ್ಯೇಕ ಅರ್ಜಿ ಕೊಟ್ಟೆ.

ನನ್ನ ಕಾಗದಗಳು ಸರಿಯಿದ್ದವು. ಎಫ್‌ಐಡಿಯಲ್ಲಿ, ಅಂದರೆ ರೈತರ ಗುರುತಿನ ಸಂಖ್ಯೆಯಲ್ಲಿ, ಎಲ್ಲ ಸರ್ವೆ ನಂಬರುಗಳೂ ಇದ್ದವು. ನೆರೆಹೊರೆಯವರ ಕಾಗದ ಹಿಡಿದು ಓಡಾಡಿದಾಗಲೇ ತೊಡಕು ಎಲ್ಲೆಲ್ಲಿ ಇರುತ್ತದೆ ಎಂಬುದು ಕಂಡಿತು. ಒಬ್ಬ ಕಾಕಾನ ಉತಾರ (ಪಹಣಿ) ತೀರಿಹೋದ ತಂದೆಯ ಹೆಸರಿನಲ್ಲೇ ಇತ್ತು. ಉಳುವವನು ಮಗ, ಹಾನಿ ಮಗನದು, ದಾಖಲೆಯಲ್ಲಿ ಮಾತ್ರ ಅವನಿಲ್ಲ. ವಾರಸಾ ಆಗಿ ಹೊಲ ಅವನ ಹೆಸರಿಗೆ ಬರುವವರೆಗೆ ಅವನ ಹೆಸರು ಪಟ್ಟಿಗೆ ಸೇರಲಿಲ್ಲ. ಇನ್ನೊಬ್ಬ ಅಕ್ಕನ ಹಣ ಜಮೆಯಾಗಿದೆ ಎಂದು ಕಚೇರಿಯಲ್ಲಿ ಹೇಳುತ್ತಿದ್ದರು, ಪಾಸ್‌ಬುಕ್‌ನಲ್ಲಿ ಏನೂ ಇರಲಿಲ್ಲ. ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹಣ ಹೋಗುತ್ತದೆ; ಅವರದು ಬೇರೆ ಬ್ಯಾಂಕಿನಲ್ಲಿ ಯಾವಾಗಲೋ ತೆರೆದು ಮರೆತ ಖಾತೆಗೆ ಹೋಗಿತ್ತು. ಮಳೆಗಾಲಕ್ಕೆ ಮೊದಲೇ ಬ್ಯಾಂಕಿನಲ್ಲಿ ಕೇಳಿ ಇದನ್ನು ಸರಿಮಾಡಿಕೊಳ್ಳಬಹುದು.

ಸಾಲದ ಬಗ್ಗೆ ಒಂದು ಮಾತು. ಬೆಳೆಹಾನಿ ಶೇ 33 ಅಥವಾ ಅದಕ್ಕಿಂತ ಹೆಚ್ಚಾದ ಕಡೆ ಬ್ಯಾಂಕುಗಳು ಬೆಳೆಸಾಲವನ್ನು ಅವಧಿ ಸಾಲವಾಗಿ ಬದಲಿಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿತ್ತು. ಹಾಗೆ ಬದಲಿಸಿದರೆ ಬಡ್ಡಿ ಎಷ್ಟಾಗುತ್ತದೆ ಎಂದು ಕೇಳದೆ ಸಹಿ ಹಾಕಬಾರದು. ಸಹಕಾರ ಸಂಘದ ಶೂನ್ಯ ಬಡ್ಡಿ ಸಾಲ ಗಡುವಿನೊಳಗೆ ತೀರಿಸಿದವರಿಗೆ ಮಾತ್ರ ಶೂನ್ಯ ಬಡ್ಡಿಯದು. ಹಾಗಾಗಿ ನಾನು ಸಂಘದ ಸಾಲವನ್ನು ಬದಲಿಸದೆ ಗಡುವಿಗೆ ತೀರಿಸುವ ದಾರಿಯನ್ನೇ ಆರಿಸಿಕೊಂಡೆ.

ನನ್ನ ಹೊಟ್ಟೆಯಲ್ಲಿ ಸಂಕಟವಾಗುವುದು ಲಾವಣಿ (ಗುತ್ತಿಗೆ) ಹಾಕಿಕೊಂಡವರನ್ನು ನೋಡಿದಾಗ. ಲಾವಣಿ ಹಣ ಮೊದಲೇ ಕೊಟ್ಟು, ಬೀಜ ಬಿತ್ತಿ, ಬೆಳೆ ಕಳೆದುಕೊಂಡವರು ಅವರು. ಪರಿಹಾರ ಬರುವುದು ಉತಾರದಲ್ಲಿ ಹೆಸರಿದ್ದವರ ಖಾತೆಗೆ. ನಮ್ಮೂರಿನಲ್ಲಿ ಕೆಲವು ಮಾಲೀಕರನ್ನು ಗುಡಿಯ ಕಟ್ಟೆಗೆ ಕರೆಸಿ, ಹಿರಿಯರ ಎದುರಿನಲ್ಲಿ ಮಾತನಾಡಿದೆವು. ಒಪ್ಪಿದವರು ಬಂದ ಹಣವನ್ನು ಉಳಿಮೆ ಮಾಡಿದವರಿಗೆ ದಾಟಿಸಿದರು, ಒಪ್ಪದವರೂ ಇದ್ದರು. ಮುಂದಿನ ಲಾವಣಿ ಚೀಟಿಯಲ್ಲಿಯೇ, ಬೆಳೆಹಾನಿಯಾದರೆ ಪರಿಹಾರ ಬಿತ್ತಿದವರಿಗೆ ಸೇರಬೇಕು ಎಂದು ಬರೆಸಲು ಈಗ ಮನೆಮನೆಗೆ ಹೋಗಿ ಹೇಳುತ್ತಿದ್ದೇನೆ.